ಹದಿನಾಲ್ಕನೇ ಬೆಡ್ಡು

ಸುವರ್ಣಮ್ಮನವರ ಕೈಯಲ್ಲಿ ಸೂಜಿ ಹಾಕಿಸಿಕೊಂಡರೆ ನೋವಾಗುವುದಿಲ್ಲ ಎಂಬ ಮಾತು ಹಾಸನದ ಆ ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಚಾಲ್ತಿಯಲ್ಲಿತ್ತು. ಆಸ್ಪತ್ರೆಯ ಹೆಸರು ಬೇಡ. ನಾಳೆ ಜ್ವರ ಬಂದರೆ ನಾವೂ ಅಲ್ಲಿಗೇ ಹೋಗಿ ಚೀಟಿ ಮಾಡಿಸಬೇಕಾದವರು. ಮಕ್ಕಳ ವಾರ್ಡಿನವರು ನರ ಸಿಗದೆ ಒದ್ದಾಡುವಾಗ ಮೂರನೇ ಮಹಡಿಯ ಹೆಂಗಸರ ವಾರ್ಡಿಗೆ ಫೋನು ಮಾಡಿ, "ಸುವರ್ಣ ಸಿಸ್ಟರ್ ಇದ್ದರೆ ಒಂದು ನಿಮಿಷ ಕಳಿಸಿ" ಅನ್ನುತ್ತಿದ್ದರು. ಅವರು ಬರುವರು, ಮಗುವಿನ ಕೈ ಹಿಡಿಯುವರು, ಎರಡು ತಟ್ಟು ತಟ್ಟುವರು, ಸೂಜಿ ಒಳಗೆ. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಅವರು ವಾಪಸ್ ಮೆಟ್ಟಿಲು ಹತ್ತುತ್ತಿರುತ್ತಿದ್ದರು.

ಚನ್ನರಾಯಪಟ್ಟಣದ ಬೆಲ್ಲದ ಮಂಡಿಯವರ ಮಗಳು. ದಿನಾ ಲಿಂಗಪೂಜೆಯಿಲ್ಲದೆ ನೀರು ಮುಟ್ಟದ ಅಪ್ಪ, ಮಗಳು ಕಂಡವರ ಹೇಲುಚ್ಚೆ ಬಳಿಯುವ ಕೆಲಸಕ್ಕೆ ಸೇರಿದಳೆಂದು ಆರು ತಿಂಗಳು ಮಾತು ಬಿಟ್ಟಿದ್ದರು. ಕೊನೆಗೆ ಅದೇ ಅಪ್ಪನಿಗೆ ಲಕ್ವಾ ಹೊಡೆದಾಗ ಎರಡು ವರ್ಷ ಬಳಿದವಳು ಇವಳೇ. ಅದಿರಲಿ.

ಮೊದಲ ಕೆಲಸ ಅರಕಲಗೂಡಿನಲ್ಲಿ. ಆಗ ಇಪ್ಪತ್ನಾಲ್ಕು ವಯಸ್ಸು. ಹಾವು ಕಡಿದ ಏಳು ವರ್ಷದ ಒಂದು ಹೆಣ್ಣುಮಗು ಬಂದಿತ್ತು. ಸುವರ್ಣಮ್ಮ ಎರಡು ದಿನ ಅದಕ್ಕೆ ತಲೆ ಬಾಚಿ ಜಡೆ ಹಾಕಿದರು, ಕತೆ ಹೇಳಿದರು, ಮನೆಯಿಂದ ಕೋಡುಬಳೆ ತಂದುಕೊಟ್ಟರು. ಮೂರನೇ ದಿನ ಮಗು ಹೋಯಿತು. ಸುವರ್ಣಮ್ಮ ವಾರ್ಡಿನ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಆಗ ಹಿರಿಯ ಸಿಸ್ಟರೊಬ್ಬರು ಬಂದು ರಟ್ಟೆ ಹಿಡಿದೆಬ್ಬಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ ಮುಖಕ್ಕೆ ನೀರು ಎರಚಿದರು.

"ನೀನು ಅತ್ತರೆ ಆ ಮಗು ಎದ್ದು ಬರುತ್ತಾ? ಅಲ್ಲಿ ಆರನೇ ಬೆಡ್ಡಿನ ಬಾಟಲಿ ಖಾಲಿಯಾಗಿ ಎಷ್ಟೊತ್ತಾಯ್ತು, ನೋಡಿದ್ಯಾ? ಹೆಸರು ಹಿಡಿದು ಕರೆಯೋದು ಬಿಡು ಸುವರ್ಣಾ. ನಂಬರ್ ಹಿಡಿ. ನಂಬರಿಗೆ ಯಾರೂ ಅಳಲ್ಲ."

ಆವತ್ತಿನ ಮಟ್ಟಿಗೆ ಆ ಮಾತು ಸರಿಯಾಗಿಯೇ ಇತ್ತು. ಆರನೇ ಬೆಡ್ಡಿನವಳನ್ನೂ ನೋಡಬೇಕಲ್ಲ! ಆದರೆ ಒಂದು ದಿನಕ್ಕೆ ಹೇಳಿದ ಮಾತನ್ನು ಸುವರ್ಣಮ್ಮ ಮೂವತ್ತೈದು ವರ್ಷ ಪಾಲಿಸಿದರು. ಅರಕಲಗೂಡು ಆಯಿತು, ಹೊಳೆನರಸೀಪುರ ಆಯಿತು, ಹಾಸನಕ್ಕೆ ಬಂದರು. ಎಲ್ಲಿ ಹೋದರೂ ನಂಬರು. ಅಂಗೈಯಗಲದ ಒಂದು ನೋಟುಪುಸ್ತಕದಲ್ಲಿ ಬೆಡ್ಡಿನ ನಂಬರು, ಅದರ ಮುಂದೆ ಔಷಧಿ. ಸಂಜೆ ಮನೆಯಲ್ಲಿ ಗಂಡ ಷಡಕ್ಷರಿ ಮೇಷ್ಟ್ರು "ಇವತ್ತು ಹೇಗಿತ್ತು?" ಅಂದರೆ, "ಏಳು ಡಿಸ್ಚಾರ್ಜು, ಎರಡು ಹೋಯ್ತು. ಸಾರಿಗೆ ಉಪ್ಪು ಸಾಕಾ?" ಅನ್ನುವರು. ಮೇಷ್ಟ್ರು ಮೊದಮೊದಲು ಬೆಚ್ಚಿಬೀಳುತ್ತಿದ್ದರು, ಆಮೇಲೆ ಉಪ್ಪು ಸಾಕು ಎಂದು ಹೇಳುವುದನ್ನು ಕಲಿತರು.

ಕೆಟ್ಟ ಹೆಂಗಸೇನಲ್ಲ, ತಪ್ಪು ತಿಳಿಯಬೇಡಿ. ಯಾರ ಹತ್ತಿರವೂ ಕೈಯೊಡ್ಡಿದವರಲ್ಲ, ಒಂದು ದಿನ ತಡವಾಗಿ ಬಂದವರಲ್ಲ. ಅವರ ಕೈಕೆಳಗೆ ಕಲಿತ ಹುಡುಗಿಯರು ಊರೂರಲ್ಲಿ ಸಿಸ್ಟರುಗಳಾಗಿದ್ದಾರೆ. ಅವರೆಲ್ಲರಿಗೂ ಇವರು ಮೊದಲ ದಿನ ಹೇಳಿಕೊಟ್ಟದ್ದು ಅದೇ ಪಾಠ. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿಯಿತ್ತು.

ಶ್ರಾವಣದ ಎರಡನೇ ಶನಿವಾರ. ಬೆಳಗ್ಗೆ ಎಂಟಕ್ಕೆ ಸುವರ್ಣಮ್ಮ ಡ್ಯೂಟಿಗೆ ಬಂದರು. ಹೊತ್ತಿಗೆ ಸರಿಯಾಗಿ, ಇಡ್ಲಿಯ ಗಾಡಿ ಬರುವುದಕ್ಕೆ ಮೊದಲು, ಸಕ್ಕರೆ ಕಾಯಿಲೆಯ ಮೂವರಿಗೆ ಇನ್ಸುಲಿನ್ ಕೊಟ್ಟರು. ನಾಲ್ಕು, ಹದಿನಾಲ್ಕು, ಹತ್ತೊಂಬತ್ತು. ರಕ್ತದ ಸಕ್ಕರೆ ನೋಡುವ ಪಟ್ಟಿಗಳು ಮುಗಿದು ಎರಡು ದಿನವಾಗಿತ್ತು, ಬರೆದು ಕಳಿಸಿದರೂ ಬಂದಿರಲಿಲ್ಲ. ಹಾಗಾಗಿ ನಿನ್ನೆಯ ಲೆಕ್ಕದಲ್ಲೇ ಕೊಡಬೇಕಾಯಿತು. ಹದಿನಾಲ್ಕಕ್ಕೆ ಹದಿನಾರು ಯೂನಿಟ್ಟು. ಆ ಬೆಡ್ಡಿನಲ್ಲಿ ನಾಲ್ಕು ದಿನದಿಂದ ಇದ್ದವರು ಹಳ್ಳಿಮೈಸೂರಿನ ಪುಟ್ಟತಾಯಮ್ಮ, ಸಕ್ಕರೆ ನಾನೂರು ದಾಟಿ ಬಂದವರು. ಪುಸ್ತಕದಲ್ಲಿ ಗೆರೆ ಎಳೆದು ಸುವರ್ಣಮ್ಮ ಕುರ್ಚಿಯಲ್ಲಿ ಕೂತರು.

ಹನ್ನೆರಡೂ ಕಾಲಿಗೆ ಡಾಕ್ಟರ್ ರಜನೀಶ್ ರೌಂಡ್ಸ್ ನಡುವೆ ಮೇಜಿನ ಹತ್ತಿರ ಬಂದರು. ಇಪ್ಪತ್ತೇಳು ವರ್ಷದ ಹುಡುಗ, ವಾರದ ಕೊನೆಗೆ ಬೇರೆ ವಾರ್ಡಿನಿಂದ ಬದಲಿಗೆ ಬಂದವರು. ಇಸಿಜಿ ಮಾಡುವವನು ಆಗಷ್ಟೇ ಯಂತ್ರ ತಳ್ಳಿಕೊಂಡು ಹೊರಟಿದ್ದ. ಹದಿನಾಲ್ಕನೇ ಬೆಡ್ಡಿನ ಸುತ್ತ ಹಸಿರು ಪರದೆ ಎಳೆದಿತ್ತು.

"ಸಿಸ್ಟರ್, ಹದಿನಾಲ್ಕು ಹೋಯ್ತು. ಮನೆಯವರಿಗೆ ಹೇಳಿಬಿಡಿ."

ಸುವರ್ಣಮ್ಮ ಫೈಲು ತೆಗೆದು ಹೆಸರು ನೋಡಿಕೊಂಡರು. ಸಾವಿನ ವಿಷಯಕ್ಕೆ ಮಾತ್ರ ಅವರಿಗೆ ಹೆಸರು ಬೇಕಾಗುತ್ತಿತ್ತು. ಹೊರಗೆ, ರೌಂಡ್ಸ್ ಮುಗಿಯಲೆಂದು ಬಾಗಿಲಾಚೆ ಕಾಯುತ್ತಿದ್ದ ಜನರ ನಡುವೆ ನಿಂತು ಕೇಳಿದರು.

"ಹಳ್ಳಿಮೈಸೂರು ಪುಟ್ಟತಾಯಮ್ಮನ ಕಡೆಯವರು ಯಾರು? ಹದಿನಾಲ್ಕನೇ ಬೆಡ್ಡು?"

ಬಿಳಿ ಪಂಚೆಯ ಹಿರೀಕರೊಬ್ಬರು ಎದ್ದುನಿಂತರು. ಪುಟ್ಟತಾಯಮ್ಮನ ಗಂಡ ರಂಗಸ್ವಾಮಿ. ಹಸು ಕರೆಯಲೆಂದು ನಿನ್ನೆ ಮಧ್ಯಾಹ್ನವೇ ಊರಿಗೆ ಹೋಗಿ ಈಗ ಹನ್ನೊಂದರ ಬಸ್ಸಿಗೆ ವಾಪಸ್ ಬಂದಿದ್ದರು. ಕೈಯಲ್ಲಿ ಸ್ಟೀಲಿನ ಕ್ಯಾರಿಯರ್ ಇತ್ತು.

"ನಾನೇ ಸಿಸ್ಟರಮ್ಮ."

"ನಮ್ಮ ಕೈಲಾದ್ದೆಲ್ಲಾ ಮಾಡಿದ್ವಿ. ಹನ್ನೆರಡೂ ಕಾಲಿಗೆ ಹೋಗಿಬಿಟ್ಟರು. ಆಧಾರ್ ಕಾರ್ಡು ತಂದಿದ್ದೀರಾ?"

ಈ ಮೂರು ವಾಕ್ಯ ಸುವರ್ಣಮ್ಮನವರಿಗೆ ಬಾಯಿಪಾಠ. ಎಷ್ಟು ಜನಕ್ಕೆ ಹೇಳಿದ್ದರೋ ಅವರಿಗೇ ಗೊತ್ತಿಲ್ಲ.

ರಂಗಸ್ವಾಮಿ ಅವರನ್ನೇ ನೋಡುತ್ತಾ ನಿಂತರು. "ಮುದ್ದೆ ತಂದಿವ್ನಿ ಸಿಸ್ಟರಮ್ಮ," ಅಂದರು. "ಇನ್ನೂ ಬಿಸಿ ಐತೆ."

"ಒಳಗೆ ಬಂದು ನೋಡಬಹುದು. ಕೂಗಾಡಬೇಡಿ, ಬೇರೆ ಪೇಷೆಂಟುಗಳಿದ್ದಾರೆ," ಅಂದು ಸುವರ್ಣಮ್ಮ ಒಳಗೆ ತಿರುಗಿದರು. ಬೆನ್ನ ಹಿಂದೆ ರಂಗಸ್ವಾಮಿ ಮಗನಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು. "ಮೋಹನಾ... ನಿಮ್ಮವ್ವ ಓಗ್ಬುಟ್ಲು ಕಣ್ಲಾ. ಊಂ ಕಣ್ಲಾ, ಈಗ್ಲೇಯ. ಎಲ್ರಿಗೂ ಯೋಳ್ಬುಡು." ಗೋಡೆಗೆ ಒರಗಿ ನಿಧಾನಕ್ಕೆ ಜಾರಿ ಕೂತದ್ದೂ ಗೊತ್ತಾಯಿತು. ಸುವರ್ಣಮ್ಮ ಹೆಣದ ಮೂಗಿಗಿಡುವ ಹತ್ತಿ ತರಲು ಹೋದರು.

ಸ್ವಲ್ಪ ಹೊತ್ತಿನ ಮೇಲೆ ರಂಗಸ್ವಾಮಿ ಕ್ಯಾರಿಯರ್ ಎದೆಗೆ ಒತ್ತಿಕೊಂಡು ವಾರ್ಡಿನೊಳಗೆ ಬಂದರು. ನೇರ ಹಸಿರು ಪರದೆಯ ಕಡೆ ಹೆಜ್ಜೆ ಹಾಕುತ್ತಿದ್ದರು. ಒಂಬತ್ತನೇ ಬೆಡ್ಡು ದಾಟುವಾಗ ಪಕ್ಕದಿಂದ ಒಂದು ದನಿ ಬಂತು.

"ಓ, ಅಲ್ಲೆಲ್ಲಿಗೋಯ್ತಿದ್ದೀಯ? ನಾನಿಲ್ಲಿವ್ನಿ. ಯಾಕಿಷ್ಟೊತ್ತು ಮಾಡ್ದೆ?"

ಕ್ಯಾರಿಯರ್ ಕೈಜಾರಿ ಧಡಾರನೆ ಬಿತ್ತು. ಸೊಪ್ಪಿನ ಸಾರು ನೆಲದ ತುಂಬಾ ಹರಿಯಿತು, ಮುದ್ದೆ ಉರುಳಿ ಮಂಚದ ಕೆಳಗೆ ಹೋಯಿತು. ರಂಗಸ್ವಾಮಿಯ ಬಾಯಿಂದ ಬಂದ ಕೂಗನ್ನು ಕೇಳಿ ವಾರ್ಡಿಗೆ ವಾರ್ಡೇ ಎದ್ದು ಕೂತಿತು. ಅವರು ಹೆಂಡತಿಯ ಮುಖ ಮುಟ್ಟಿ ನೋಡಿದರು, ಕೈ ಮುಟ್ಟಿ ನೋಡಿದರು, ಕಿವಿಯ ಓಲೆ ಮುಟ್ಟಿ ನೋಡಿದರು.

"ನೀನು ಸತ್ತೋಗಿದ್ದೀಯಂತೆ ಕಣೇ!"

"ಯಾವ ಮೂದೇವಿ ಯೋಳ್ದೋಳು?"

ಸುವರ್ಣಮ್ಮ ಹತ್ತಿಯ ಸುರುಳಿ ಹಿಡಿದು ದಾರಿಯಲ್ಲೇ ನಿಂತಿದ್ದರು. ನೋಡಿದರೆ, ಹೌದು, ಪುಟ್ಟತಾಯಮ್ಮನೇ. ದುಂಡು ಮುಖ, ಎರಡು ಮೂಗುತಿ, ಗಲ್ಲದ ಮೇಲೆ ಹಚ್ಚೆಯ ಚುಕ್ಕಿ. ಇಷ್ಟು ದಿನ ಬೆಳಗ್ಗೆ ಸೂಜಿ ಹಾಕಿದ್ದರೂ ಆ ಚುಕ್ಕಿಯನ್ನು ಅವರು ನೋಡುತ್ತಿರುವುದು ಇದೇ ಮೊದಲು.

"ನೀವು ಹದಿನಾಲ್ಕರಲ್ಲಿ ಇದ್ರಲ್ಲಮ್ಮ. ಇಲ್ಲಿಗೆ ಯಾವಾಗ ಬಂದ್ರಿ?"

ಪುಟ್ಟತಾಯಮ್ಮ ಸ್ವಲ್ಪ ಅಳುಕುತ್ತಲೇ ಹೇಳಿದರು. ನಿನ್ನೆ ಸಂಜೆ ಪಕ್ಕದ ಬೆಡ್ಡಿನವಳು ಮಾತಿನ ನಡುವೆ, ನೀನು ಮಲಗಿರುವ ಮಂಚದಲ್ಲೇ ಹೋದ ವಾರ ಒಬ್ಬಳು ಬಾಣಂತಿ ಸತ್ತದ್ದು ಅಂದುಬಿಟ್ಟಳಂತೆ. ಆಮೇಲೆ ಇವರಿಗೆ ಆ ಮಂಚದ ಮೇಲೆ ಕೂರುವುದಕ್ಕೂ ಧೈರ್ಯವಿಲ್ಲ. "ಅಳ್ತಾ ಕುಂತಿದ್ದೆ ಸಿಸ್ಟರಮ್ಮ. ಇಲ್ಲಿದ್ದ ಅಜ್ಜಿ, ಲಕ್ಕಮ್ಮಾಂತ, ಅರಕಲಗೂಡು ಕಡೆಯೋರು, ನೋಡ್ಬುಟ್ಟು, ಬಾ ಮಗ, ನೀನು ನನ್ ಜಾಗ್ದಲ್ಲಿ ಮಲಿಕ, ನಾನು ಅಲ್ಲಿ ಮಲಿಕತೀನಿ ಅಂದ್ರು. ಈ ವಯಸ್ನಲ್ಲಿ ಯಾವ ದೆವ್ವ ನನ್ನೇನ್ ಮಾಡ್ಕಂಡಾತು ಅಂತ ನಕ್ಬುಟ್ರು. ನಿಮ್ಗೆ ಯೋಳುದ್ರೆ ಬೈತೀರ ಅಂತ ಯೋಳ್ನಿಲ್ಲ."

ಇದೇನು ಹೊಸತಲ್ಲ. ಸತ್ತವರ ಮಂಚ ಬೇಡವೆಂದು ಹೆಂಗಸರು ತಮ್ಮತಮ್ಮಲ್ಲೇ ಜಾಗ ಬದಲಿಸಿಕೊಳ್ಳುವುದು ಆ ವಾರ್ಡಿನಲ್ಲಿ ತಿಂಗಳಿಗೊಮ್ಮೆಯಾದರೂ ನಡೆಯುತ್ತಿತ್ತು. ಫೈಲುಗಳು ಮಾತ್ರ ಬೆಡ್ಡಿನ ನಂಬರಿನ ಜೊತೆಯಲ್ಲೇ ಉಳಿಯುತ್ತಿದ್ದವು. ಕಂಡಾಗೆಲ್ಲ ಸುವರ್ಣಮ್ಮ ಗದರಿ ವಾಪಸ್ ಕಳಿಸುತ್ತಿದ್ದರು. ಕಂಡಾಗ ತಾನೇ!

ಪರದೆಯ ಹಿಂದೆ ಇರುವುದು ಯಾರೆಂದು ಅವರಿಗೆ ತಿಳಿಯಿತು. ಬದುಕಿರುವವಳನ್ನು ಸತ್ತಳೆಂದು ಗಂಡನಿಗೆ ಹೇಳಿಬಿಟ್ಟೆನಲ್ಲ ಎಂದು ಕಿವಿಯವರೆಗೂ ಬಿಸಿಯಾಯಿತು. ಕ್ಷಮೆ ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಪುಟ್ಟತಾಯಮ್ಮನೇ ಮುಂದುವರಿಸಿದರು.

"ಅದಿರ್ಲಿ, ಇವತ್ತು ನಂಗೆ ಸೂಜಿ ಆಕ್ನೇ ಇಲ್ವಲ್ಲ ಸಿಸ್ಟರಮ್ಮ? ಅದೇನೋ ಬಿಳೀ ಮಾತ್ರೆ ಕೊಟ್ರಿ. ಅದ್ನ ನುಂಗ್ದಾಗ್ಲಿಂದ ಉಚ್ಚೆಗೆ ಓಗಿ ಓಗಿ ಸಾಕಾಗೋಯ್ತು."

ಸುವರ್ಣಮ್ಮನವರ ಕೈಯಿಂದ ಹತ್ತಿ ಬಿತ್ತು.

ಬಿಳೀ ಮಾತ್ರೆ ಒಂಬತ್ತನೇ ಬೆಡ್ಡಿನದು. ಕಾಲು ಊದಿ ಉಸಿರು ಕಟ್ಟುವ ಹೃದಯದ ಕಾಯಿಲೆಯವರಿಗೆ ಮೈಯ ನೀರು ಇಳಿಸಲು ಕೊಡುವಂಥದ್ದು. ಅದನ್ನು ಪುಟ್ಟತಾಯಮ್ಮ ನುಂಗಿದ್ದಾರೆ. ಹಾಗಾದರೆ ಆ ಹದಿನಾರು ಯೂನಿಟ್ಟು?

ಬೆಳಗ್ಗೆ ಹದಿನಾಲ್ಕನೇ ಬೆಡ್ಡಿನಲ್ಲಿ ಕಂಬಳಿ ಹೊದ್ದು ಯಾರೋ ಮಲಗಿದ್ದರು. ಸುವರ್ಣಮ್ಮ ಕಂಬಳಿಯಿಂದ ತೋಳನ್ನಷ್ಟೇ ಹೊರಗೆ ಎಳೆದುಕೊಂಡಿದ್ದರು. "ಇವತ್ತು ಸೂಜಿನಾ ತಾಯಿ? ನಂಗೆ ಮಾತ್ರೆ ಅಲ್ವಾ?" ಎಂದು ಒಂದು ದನಿ ಕೇಳಿತ್ತು. "ಡಾಕ್ಟ್ರು ಬರೆದಿದ್ದಾರೆ. ಕೈ ಸಡಿಲ ಬಿಡಿ," ಅಂದಿದ್ದರು ಇವರು. ಆ ದನಿ ಮತ್ತೆ ಏನೂ ಕೇಳಲಿಲ್ಲ. ಡಾಕ್ಟರು ಬರೆದಿದ್ದಾರೆಂದ ಮೇಲೆ ಕೇಳುವವರು ನಮ್ಮಲ್ಲಿ ಯಾರಿದ್ದಾರೆ?

ಸುವರ್ಣಮ್ಮ ಪರದೆ ಸರಿಸಿ ಒಳಗೆ ಹೋಗಿ, ಹೊದಿಸಿದ್ದ ಬಿಳಿ ಬಟ್ಟೆಯನ್ನು ಮುಖದಿಂದ ತೆಗೆದರು. ಸಣ್ಣ ಮುಖದ, ಕೆನ್ನೆ ಬತ್ತಿದ ಅಜ್ಜಿ. ನರೆಗೂದಲು ಬೆವರಿಗೆ ಹಣೆಗೆ ಅಂಟಿಕೊಂಡು ಹಾಗೇ ಒಣಗಿತ್ತು. ಹಣೆಯ ಮೇಲೆ ಕುಂಕುಮದ ನಾಮ. ಪಕ್ಕದ ಪುಟ್ಟ ಕಪಾಟಿನ ಮೇಲೆ ಬೆಳಗಿನ ಎರಡು ಇಡ್ಲಿ ಮುಟ್ಟದೆ ಇದ್ದವು, ಚಟ್ನಿಯ ಮೇಲೆ ನೊಣ ಕೂತಿತ್ತು. ಶ್ರಾವಣ ಶನಿವಾರ. ಅಜ್ಜಿ ಒಪ್ಪತ್ತು ಮಾಡುತ್ತಿದ್ದರು. ಸಕ್ಕರೆ ಕಾಯಿಲೆಯೇ ಇಲ್ಲದ, ಖಾಲಿ ಹೊಟ್ಟೆಯ, ಎಪ್ಪತ್ತೆರಡು ವರ್ಷದ ದೇಹಕ್ಕೆ ತಾನು ಹದಿನಾರು ಯೂನಿಟ್ಟು ಇನ್ಸುಲಿನ್ ತುಂಬಿದೆ. ಸಕ್ಕರೆ ಇಳಿದೂ ಇಳಿದೂ ಜೀವ ಹೋಗಿದೆ. ನಾಲ್ಕು ಗಂಟೆ ಹೊತ್ತು, ತನ್ನ ಕುರ್ಚಿಯಿಂದ ಹತ್ತು ಹೆಜ್ಜೆ ದೂರದಲ್ಲಿ.

ಒಂದು ಲೋಟ ಸಕ್ಕರೆ ನೀರು ಕುಡಿಸಿದ್ದರೆ ಉಳಿಯುತ್ತಿದ್ದರು ಎಂದು ಸುವರ್ಣಮ್ಮನವರಿಗೆ ಹೊಳೆಯಿತು. ಅವರು ಮಂಚದ ಕಬ್ಬಿಣ ಹಿಡಿದು ನಿಂತರು.

ಡಾಕ್ಟರ ಕೋಣೆಯಲ್ಲಿ ರಜನೀಶ್ ಎಲ್ಲವನ್ನೂ ಕೇಳಿಸಿಕೊಂಡರು. ಮೊದಲು ಮುಖ ಬಿಳಿಚಿತು, ಆಮೇಲೆ ಎದ್ದು ಬಾಗಿಲು ಹಾಕಿದರು.

"ನಾನೂ ನೋಡಲಿಲ್ಲ ಸಿಸ್ಟರ್. ಒಂಬತ್ತನೇ ಬೆಡ್ಡಲ್ಲಿ ಹೃದಯದ ಫೈಲು ಓದಿ, ಉಸಿರಾಟ ಹೇಗಿದೆಯಮ್ಮ ಅಂದೆ. ಚೆನ್ನಾಗೈತೆ ಸಾ ಅಂದರು. ಪರವಾಗಿಲ್ಲ, ಸುಧಾರಿಸಿದ್ದಾರೆ ಅಂತ ಬರೆದು ಮುಂದೆ ಹೋದೆ." ಫೈಲನ್ನು ಅವರ ಮುಂದೆ ಸರಿಸಿದರು. "ಆ ಅಜ್ಜಿ ಹೃದಯದ ಪೇಷೆಂಟು. ವಯಸ್ಸೂ ಆಗಿತ್ತು. ಇವತ್ತಲ್ಲ ನಾಳೆ... ಬೆಡ್ಡು ಅದಲುಬದಲಾಗಿತ್ತು ಅಂತ ಮಾತ್ರ ಬರೆಯಿರಿ. ಸೂಜಿ ವಿಷಯ ನಾವಿಬ್ಬರು ಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ನಿಮಗೆ ಇನ್ನೆಷ್ಟು ಸರ್ವೀಸಿದೆ?"

"ಹನ್ನೊಂದು ತಿಂಗಳು."

"ನೋಡಿ ಮತ್ತೆ."

ಹುಡುಗ ದುಷ್ಟನಲ್ಲ, ಹೆದರಿದ್ದ. ಅವನ ಜಾಗದಲ್ಲಿದ್ದಿದ್ದರೆ ನಿನ್ನೆಯವರೆಗಿನ ಸುವರ್ಣಮ್ಮ ಇದನ್ನೇ ಹೇಳುತ್ತಿದ್ದರೇನೋ. ಈಗ ಅವರು ಫೈಲು ತೆರೆದು, ಎಷ್ಟು ಗಂಟೆಗೆ, ಎಷ್ಟು ಯೂನಿಟ್ಟು, ಯಾರಿಗೆ ಬದಲಾಗಿ ಯಾರಿಗೆ ಕೊಟ್ಟೆ ಎಂದು ಬರೆದು ಸಹಿ ಹಾಕಿದರು. ರಜನೀಶ್ ಅದನ್ನು ಓದಿ ತಲೆಗೆ ಕೈಹೊತ್ತು ಕೂತರು.

ಎರಡಕ್ಕೆ ಡ್ಯೂಟಿ ಮುಗಿಯಿತು. ಸುವರ್ಣಮ್ಮ ಮನೆಗೆ ಹೋಗಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಲಕ್ಕಮ್ಮನ ಮೊಮ್ಮಗಳಿಗಾಗಿ ಕಾದರು. ಆ ಹುಡುಗಿಯ ಹೆಸರು ನಿಸರ್ಗ. ಹಾಸನದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ, ಶನಿವಾರ ಅರ್ಧ ದಿನ. ತಾಯಿಯಿಲ್ಲದ ಅವಳನ್ನು ಸಾಕಿದ್ದೇ ಈ ಅಜ್ಜಿ. ಇದೆಲ್ಲ ಫೈಲಿನಲ್ಲಿ ಇರಲಿಲ್ಲ. ಒಳಗೆ ಮಾತೇ ನಿಲ್ಲದೆ ಅಳುತ್ತಿದ್ದ ಪುಟ್ಟತಾಯಮ್ಮ ಹೇಳಿದ್ದು. ಒಂದು ಸಂಜೆಯ ಪರಿಚಯದಲ್ಲಿ ಅವರಿಗೆ ಇಷ್ಟು ತಿಳಿದಿತ್ತು. ಎಂಟು ದಿನ ಮದ್ದು ಕೊಟ್ಟ ಸುವರ್ಣಮ್ಮನಿಗೆ ಏನೂ ಗೊತ್ತಿರಲಿಲ್ಲ.

ಹುಡುಗಿ ಎರಡೂವರೆಗೆ ಮೆಟ್ಟಿಲು ಹತ್ತಿ ಬಂದಳು. ಒಪ್ಪತ್ತು ಬಿಡಲೆಂದು ಅಜ್ಜಿಗೆ ಬಾಳೆಹಣ್ಣು, ಅವಲಕ್ಕಿ ತಂದಿದ್ದಳು. ಕೂದಲಲ್ಲಿ ದಾರದ ಎಳೆಗಳು ಸಿಕ್ಕಿಕೊಂಡಿದ್ದವು.

"ಕೂತ್ಕೊಳ್ಳಮ್ಮ," ಅಂದರು ಸುವರ್ಣಮ್ಮ. ಆ ಮೂರು ವಾಕ್ಯಗಳು ನಾಲಿಗೆಯ ತುದಿಗೆ ತಾವಾಗಿಯೇ ಬಂದು ನಿಂತವು. ಅವರು ಅವುಗಳನ್ನು ನುಂಗಿಕೊಂಡರು. "ನಿಮ್ಮಜ್ಜಿ ತೀರಿಕೊಂಡರು. ಅದು ನನ್ನಿಂದ ಆಯಿತು."

ನಿಸರ್ಗಳಿಗೆ ಮೊದಲ ಮಾತಷ್ಟೇ ಕೇಳಿಸಿತು. ಎರಡನೆಯದು ತಲೆಗೆ ಹೋಗಲು ಬಹಳ ಹೊತ್ತಾಯಿತು. ಸುವರ್ಣಮ್ಮ ಮಂಚ ಬದಲಾದದ್ದು, ಸೂಜಿ, ಒಪ್ಪತ್ತು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಹುಡುಗಿ ಚೀರುತ್ತಾಳೆ, ಹೊಡೆಯುತ್ತಾಳೆ, ಜನ ಸೇರುತ್ತಾರೆ ಎಂದುಕೊಂಡಿದ್ದರು. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಅವಲಕ್ಕಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಇವರ ಮುಖವನ್ನೇ ನೋಡುತ್ತಾ ಕೂತಿದ್ದಳು.

"ಫೈಲಲ್ಲಿ ಬರೆದಿದ್ದೀನಿ. ನೀನು ಪೊಲೀಸಿಗೆ ಕೊಡಬಹುದು. ನಾನು ಇಲ್ಲ ಅನ್ನಲ್ಲ."

ನಿಸರ್ಗ ಬೇರೆಯದನ್ನೇ ಕೇಳಿದಳು.

"ಅಜ್ಜಿ ಸಂಕ್ಟ ಪಡ್ತಾ? ಯಾರ್ನಾರಾ ಕರೀತಾ?"

ಇದನ್ನು ಎಲ್ಲರೂ ಕೇಳುತ್ತಾರೆ. ಮೂವತ್ತೈದು ವರ್ಷದಲ್ಲಿ ಸುವರ್ಣಮ್ಮ ಎಲ್ಲರಿಗೂ ಕೊಟ್ಟಿದ್ದು ಒಂದೇ ಉತ್ತರ: ಇಲ್ಲ, ನಿದ್ದೆಯಲ್ಲೇ ಹೋದರು. ನಿಜವಿರಲಿ ಬಿಡಲಿ, ಆ ವಾರ್ಡಿನಲ್ಲಿ ಯಾರಿಗೂ ಏನೂ ಕಡಿಮೆಯಾಗದಂತೆ ಕೊಡಬಹುದಾಗಿದ್ದ ದಯೆ ಅದೊಂದೇ. ಈ ಹುಡುಗಿಗೂ ಕೊಟ್ಟುಬಿಡೋಣ ಅನ್ನಿಸಿತು. ಆದರೆ ಈ ಸಲ ಆ ಸುಳ್ಳಿನಿಂದ ತಣ್ಣಗಾಗುವುದು ಯಾರ ಹೊಟ್ಟೆ?

"ಕರೆದರು. ಹತ್ತೂವರೆ ಹೊತ್ತಿಗೆ. ಮೈಯೆಲ್ಲಾ ಬೆವರ್ತಾ ಐತೆ, ಒಸಿ ಬಾ ತಾಯಿ, ಅಂತ ಎರಡು ಸಲ ಕರೆದರು. ಸೆಖೆ ಇರಬೇಕು, ಮಲಗಿ ಅಂತ ನಾನು ಕೂತಲ್ಲಿಂದಲೇ ಹೇಳಿದೆ. ಹೋಗಲಿಲ್ಲ."

"ಯಾಕೆ ಓಗ್ನಿಲ್ಲ?"

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಸುವರ್ಣಮ್ಮ ಯೋಚಿಸಿದರು. ಬೇರೆ ರೋಗಿ ಇದ್ದರಾ? ಇರಲಿಲ್ಲ. ಫೋನು ಬಂದಿತ್ತಾ? ಇಲ್ಲ. ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ.

"ಮಂಡಿ ನೋಯ್ತಿತ್ತು ಕಣಮ್ಮ. ಏಳೋಕೆ ಬೇಜಾರಾಯ್ತು."

ಬಾಯಿಂದ ಹೊರಗೆ ಬಂದ ಮೇಲೆಯೇ ಸುವರ್ಣಮ್ಮನವರಿಗೆ ತಾವು ಹೇಳಿದ್ದು ಕೇಳಿಸಿತು.